ಅಹಮದಾಬಾದಿನ ಪೋಳಗಳು: ಹಳೆಯ ವಸತಿಯೊಂದರ ಸ್ವರೂಪವೂ ಸಂರಕ್ಷಣೆಯೂ

ಪ್ರಾಚೀನ ಕಟ್ಟಡಗಳ ಸಂರಕ್ಷಣೆ ಎಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುವು ದೇವಾಲಯ, ಮಸೀದಿ, ಕೋಟೆ, ಗೋರಿ ಮುಂತಾದುವು. ಇವುಗಳಲ್ಲಿ ಪೂಜೆಯೋ ಪ್ರಾರ್ಥನೆಯೋ ನಡೆಯುತ್ತಿರಬಹುದು. ಆದರೆ ಯಾರೂ ಅಲ್ಲಿ ಸಂಸಾರ ಹೂಡಿರುವುದಿಲ್ಲ. ಆದಕಾರಣ ಸುತ್ತಲೂ ಬೇಲಿ ಕಟ್ಟಿ, ಕಾವಲುಗಾರನೊಬ್ಬನನ್ನು ನೇಮಿಸಿ, ಫಲಕವೊಂದನ್ನು ನೆಟ್ಟರೆ ಸರಕಾರದ ಕರ್ತವ್ಯ ಬಹುಮಟ್ಟಿಗೆ ನೆರವೇರಿದಂತೆಯೇ. ರಕ್ಷಿಸಬೇಕಾದ ವಸ್ತುವು ಜನರು ಇಂದಿಗೂ ಅಡಿಗೆ ಮಾಡಿ, ಮಕ್ಕಳನ್ನು ಸಾಕಿ, ಬಾಡಿಗೆ ಕೊಟ್ಟು ಬಾಳುತ್ತಿರುವ ಕೇರಿಯಾದಾಗ ಸಮಸ್ಯೆಯ ಸ್ವರೂಪವೇ ಬೇರೆಯಾಗುತ್ತದೆ. ಅಲ್ಲಿ ಬೇಲಿ ಹಾಕುವಂತಿಲ್ಲ. ಕಟ್ಟಡಗಳ ಒಡೆಯರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ತನ್ನ ಮನೆಯನ್ನು ತನ್ನ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕೆಂಬ ನ್ಯಾಯವಾದ ಆಸೆ ಪ್ರತಿಯೊಬ್ಬನಿಗೂ ಉಂಟು. ಇಂಥ ವಸತಿಗಳಲ್ಲಿ ನಮ್ಮ ದೇಶದ ಮಟ್ಟಿಗೆ ಅತ್ಯಂತ ಬೋಧಪ್ರದವಾದುವು ಗುಜರಾತಿನ ಅಹಮದಾಬಾದು ನಗರದ ಪೋಳಗಳು. ಅವುಗಳ ಸ್ವರೂಪವೇನು, ಅವನ್ನು ಉಳಿಸಲು ನಡೆದಿರುವ ಪ್ರಯತ್ನಗಳೆಂಥವು, ಆ ಪ್ರಯತ್ನಗಳು ಎಲ್ಲಿ ಎಡವುತ್ತಿವೆ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ನಗರದ ಚರಿತ್ರೆ ಸುಪರಿಚಿತವಾದುದರಿಂದ ಅದನ್ನು ವಿಸ್ತರಿಸುವುದಿಲ್ಲ. ಸುಲ್ತಾನ ಒಂದನೆಯ ಅಹಮದ್ ಷಾ ೧೪೧೧ನೆಯ ಇಸವಿಯಲ್ಲಿ ಸಾಬರಮತೀ ನದಿಯ ಪೂರ್ವದ ದಡದಲ್ಲಿ ಈ ಊರನ್ನು ಕಟ್ಟಿಸಿದನು. ನದಿಯ ಮಗ್ಗುಲಲ್ಲಿ ಭದ್ರ ಎಂಬ ಕೋಟೆ, ಅದರ ಪೂರ್ವಕ್ಕೆ ಮೂರು ಕಮಾನುಗಳ ತೀನ್ ದರವಾಜಾ, ಮುಂದೆ ೧೪೨೪ರಲ್ಲಿ ಮುಗಿದ ಜಾಮಾ ಮಸೀದಿ, ಅದರಾಚೆ ಮಾಣೆಕ್ ಚೌಕದ ಪೇಟೆ—ಹೀಗೆ ಒಂದೇ ಗೆರೆಯ ಮೇಲೆ ಅರಸೊತ್ತಿಗೆ, ಧರ್ಮ, ವ್ಯಾಪಾರ ಮೂರೂ ನೆಲೆಗೊಂಡವು. ಹದಿನೈದನೆಯ ಶತಮಾನ ಮುಗಿಯುವುದರೊಳಗಾಗಿ ಊರಿನ ಸುತ್ತ ಗೋಡೆಯೂ ಎದ್ದಿತು. ಆ ಗೋಡೆಯ ಬಹುಭಾಗ ಇಂದು ಇಲ್ಲ. ಅದರ ಹೆಬ್ಬಾಗಿಲುಗಳಲ್ಲಿ ಹಲವು ವಾಹನಗಳ ನಡುವೆ ದ್ವೀಪಗಳಂತೆ ಒಂಟಿಯಾಗಿ ನಿಂತಿವೆ. ಸುಲ್ತಾನರು ಕಟ್ಟಿಸಿದ್ದು ಕಲ್ಲಿನಲ್ಲಿ. ಅದನ್ನು ನೋಡಲು ಪ್ರವಾಸಿಗಳು ಬರುತ್ತಾರೆ, ಗ್ರಂಥಗಳಲ್ಲಿ ಅದರ ವರ್ಣನೆಯಿದೆ. ಆದರೆ ಗೋಡೆಯೊಳಗಿನ ನೆಲದ ಬಹುಭಾಗವನ್ನು ತುಂಬಿದ್ದುದು ಪ್ರಜೆಗಳು ಇಟ್ಟಿಗೆ ಮತ್ತು ಮರಗಳಲ್ಲಿ ಕಟ್ಟಿಕೊಂಡ ಮನೆಗಳು. ನಗರವೆಂದರೆ ನಿಜವಾಗಿ ಅದೇ.

ಪೋಳವೆಂಬುದು ಸಂಸ್ಕೃತದ ಪ್ರತೋಲೀ ಶಬ್ದದಿಂದ ಬಂದುದೆಂದು ಹೇಳುತ್ತಾರೆ. ಹೆಬ್ಬಾಗಿಲು ಎಂದು ಅದರ ಅರ್ಥ. ಬಾಗಿಲಿನ ಹೆಸರೇ ಒಳಗಿನ ಕೇರಿಗೂ ಸಂದಿದೆ. ಕನ್ನಡದಲ್ಲಿ ಕೇರಿ ಎಂದು ಸ್ಥೂಲವಾಗಿ ಅನುವಾದಿಸಬಹುದಾದರೂ ನಮ್ಮ ಕೇರಿಗೆ ಬಾಗಿಲಿಲ್ಲ. ಪೇಟೆಯ ಬೀದಿಯಿಂದ ಒಂದು ದೊಡ್ಡ ಮರದ ಬಾಗಿಲನ್ನು ದಾಟಿ ಒಳಹೊಕ್ಕರೆ ಇಕ್ಕಟ್ಟಾದ ಓಣಿ. ಅದರಿಂದ ಎಡಕ್ಕೂ ಬಲಕ್ಕೂ ಒಡೆಯುವ ಇನ್ನೂ ಇಕ್ಕಟ್ಟಾದ ಸಂದುಗಳು. ಅವುಗಳಲ್ಲಿ ಅನೇಕವು ಎಲ್ಲಿಗೂ ಹೋಗದೆ ಯಾರದೋ ಜಗಲಿಯ ಮುಂದೆ ಕೊನೆಗಾಣುತ್ತವೆ. ಕೆಲವು ಮನೆಗಳ ವಂಶಸ್ಥರು ಮಾತ್ರ ಸೇರಿರುವ ಚಿಕ್ಕ ಅಂಗಳದ ಗುಂಪಿಗೆ ಖಡಕೀ ಎಂದು ಹೆಸರು. ಒಂದು ಪೋಳದಿಂದ ಮತ್ತೊಂದಕ್ಕೆ ದಾಟಲು ಮನೆಗಳ ನಡುವೆ ಗುಟ್ಟಾದ ಹಾದಿಗಳೂ ಉಂಟು; ಅವು ಒಳಗಿನವರಿಗಲ್ಲದೆ ಹೊರಗಿನವರಿಗೆ ತಿಳಿಯವು. ಕೆಲವು ಪೋಳಗಳಲ್ಲಿ ಹತ್ತಾರು ಮನೆಗಳಿದ್ದರೆ, ಮಾಂಡವಿಯ ಪೋಳದಂಥವುಗಳಲ್ಲಿ ಉಪಪೋಳಗಳೇ ಹಲವಾರು.

ಈ ರಚನೆಗೆ ಕಾರಣ ಭಯವೆಂದು ಸಾಮಾನ್ಯವಾಗಿ ಹೇಳುವುದುಂಟು. ಹದಿನೆಂಟನೆಯ ಶತಮಾನದಲ್ಲಿ ಮೊಗಲರ ಅಧಿಕಾರ ಕುಸಿದು, ೧೭೩೮ರಿಂದ ೧೭೫೩ರವರೆಗೆ ನಗರವು ಮೊಗಲರ ಮತ್ತು ಮರಾಠರ ಇಬ್ಬಗೆಯ ಆಳಿಕೆಗೆ ಒಳಗಾಗಿದ್ದಾಗ ಸುಲಿಗೆ ನಿತ್ಯದ ಮಾತಾಗಿತ್ತು. ರಾತ್ರಿ ಬಾಗಿಲು ಹಾಕಿಕೊಳ್ಳುವ ಕೇರಿ ಅಂಥ ಕಾಲಕ್ಕೆ ಅಗತ್ಯವೇ ಸರಿ. ಆದರೆ ಭಯವೊಂದರಿಂದಲೇ ಇಷ್ಟು ದೀರ್ಘಕಾಲ ಬಾಳುವ ವ್ಯವಸ್ಥೆ ಹುಟ್ಟಲಾರದೆಂದು ನಮ್ಮ ಅಭಿಪ್ರಾಯ. ಪೋಳಕ್ಕೆ ತನ್ನದೇ ಆದ ಪಂಚರಿದ್ದರು, ಸಾಮಾನ್ಯ ಆಸ್ತಿಯಿತ್ತು, ನಿಬಂಧನೆಗಳಿದ್ದವು. ಬಾಗಿಲಿನ ಕಾವಲು, ದುರಸ್ತು, ಬಾವಿ ಇವುಗಳ ವೆಚ್ಚವನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಮನೆಯನ್ನು ಹೊರಗಿನವರಿಗೆ ಮಾರುವುದಕ್ಕೆ ಪೋಳದ ಒಪ್ಪಿಗೆ ಬೇಕಾಗುತ್ತಿತ್ತು. ಮಾರಾಟವಾದಾಗ ಪೋಳಕ್ಕೆ ಕಾಣಿಕೆ ಸಲ್ಲುತ್ತಿತ್ತು. ಬೊಂಬಾಯಿ ಪ್ರಾಂತದ ಗೆಜೆಟಿಯರಿನ ೧೮೭೯ರ ಅಹಮದಾಬಾದು ಸಂಪುಟದಲ್ಲಿ ಈ ವ್ಯವಸ್ಥೆಯ ವರ್ಣನೆಯಿದೆ. ಕೆನೆತ್ ಗಿಲಿಯನ್ ೧೯೬೮ರಲ್ಲಿ ಪ್ರಕಟಿಸಿದ ಈ ನಗರದ ಚರಿತ್ರೆಯಲ್ಲಿ ವಣಿಕರ ಶ್ರೇಣಿಗಳೊಡನೆ ಇದನ್ನೂ ಸೇರಿಸಿ ವಿಚಾರ ಮಾಡಿದ್ದಾನೆ. ಎರಡನ್ನೂ ನಮ್ಮ ವಿದ್ಯಾರ್ಥಿಗಳು ಓದಬೇಕು.

ಇದರ ಮತ್ತೊಂದು ಮುಖವನ್ನು ಮರೆಮಾಚುವುದು ಸಲ್ಲದು. ಹೊರಗಿನವನಿಗೆ ಮನೆ ಮಾರಬಾರದೆಂಬ ಕಟ್ಟಳೆಯ ಹಿಂದೆ ನೆರೆಹೊರೆಯ ಕಳಕಳಿಯಿದ್ದಂತೆ ಜಾತಿಯ ಗೋಡೆಯೂ ಇತ್ತು. ಬಹುಪಾಲು ಪೋಳಗಳು ಒಂದು ಜಾತಿಗೋ ಒಂದು ಮತಕ್ಕೋ ಮೀಸಲಾಗಿದ್ದವು. ಕಸ ತೆಗೆಯುವವನು ಪ್ರತಿದಿನ ಒಳಗೆ ಬರಬಹುದಾಗಿತ್ತು, ಮನೆ ಕೊಳ್ಳುವಂತಿರಲಿಲ್ಲ. ಹಳೆಯ ಕೇರಿಗಳ ಸಾಮರಸ್ಯವನ್ನು ಕೊಂಡಾಡುವ ಲೇಖನಗಳಲ್ಲಿ ಈ ಸಂಗತಿ ಪ್ರಾಯಶಃ ಕಾಣಸಿಗುವುದಿಲ್ಲ.

ಇನ್ನು ಮನೆಯ ವಿಚಾರ. ಪೋಳದ ಮನೆಗೆ ಅಗಲ ಕಡಿಮೆ, ಆಳ ಹೆಚ್ಚು. ಎರಡು ಪಕ್ಕದ ಗೋಡೆಗಳು ನೆರೆಮನೆಗಳಿಗೂ ಸೇರಿದುವು. ಮುಂದೆ ಓಟಲೋ ಎಂಬ ಕಟ್ಟೆ. ಇದು ನಮ್ಮ ಜಗಲಿಯೇ. ಮಧ್ಯಾಹ್ನದ ಹೊತ್ತು ತರಕಾರಿ ಹೆಚ್ಚುವುದು, ಮಾತುಕತೆ, ಮಕ್ಕಳ ಆಟ, ಸಾಲ ಕೇಳಲು ಬಂದವನನ್ನು ಕೂರಿಸುವುದು ಎಲ್ಲವೂ ಅಲ್ಲಿಯೇ. ಒಳಗೆ ಹೋದರೆ ಆಕಾಶಕ್ಕೆ ತೆರೆದ ಚೌಕ; ಹಳೆಯ ಮೈಸೂರಿನ ತೊಟ್ಟಿಯ ಮನೆಯನ್ನು ಬಲ್ಲವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ವ್ಯತ್ಯಾಸವುಂಟು. ನಮ್ಮ ತೊಟ್ಟಿ ಮಳೆಯನ್ನು ಬರಮಾಡಿಕೊಂಡು ಹೊರಕ್ಕೆ ಬಿಡುವುದು. ಅಲ್ಲಿಯ ಚೌಕ ಮುಖ್ಯವಾಗಿ ಬಿಸಿಲನ್ನು ಎದುರಿಸುವುದಕ್ಕೆ. ಬೇಸಗೆಯಲ್ಲಿ ಆ ಊರಿನ ಉಷ್ಣತೆ ೪೦ ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಎತ್ತರವಾದ ಮನೆಗಳ ನಡುವಣ ಇಕ್ಕಟ್ಟಾದ ಓಣಿಗೆ ಬಿಸಿಲು ಬೀಳುವುದು ನಡುಹಗಲಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಚೌಕದ ಗಾಳಿ ಕಾದು ಮೇಲೇರಿದಾಗ ಓಣಿಯ ತಂಪಾದ ಗಾಳಿ ಬಾಗಿಲುಗಳ ಮೂಲಕ ಒಳಸೇರುತ್ತದೆ. ಪಕ್ಕದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವಕ್ಕೆ ಬಿಸಿಲಿನ ಸೋಂಕೇ ಇಲ್ಲ. ಆದ್ದರಿಂದ ನಡುವಿನ ಒಂದು ಮನೆಯನ್ನು ಕೆಡವಿದರೆ ಹೋಗುವುದು ಒಂದೇ ಮನೆಯಲ್ಲ. ಎರಡೂ ಮಗ್ಗುಲಿನ ಮನೆಗಳ ಗೋಡೆಗಳು ಬಯಲಿಗೆ ಬಿದ್ದು ಬಿಸಿಲಿಗೂ ಮಳೆಗೂ ಈಡಾಗುತ್ತವೆ, ಆಸರೆಯನ್ನೂ ಕಳೆದುಕೊಳ್ಳುತ್ತವೆ. ಸಂರಕ್ಷಣೆಯ ವಿಚಾರದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದು ನಾವು ಎಣಿಸುತ್ತೇವೆ.

ಚೌಕದ ಕೆಳಗೆ, ಅನುಕೂಲವಿದ್ದವರ ಮನೆಗಳಲ್ಲಿ, ಟಾಂಕಾ ಎಂಬ ನೆಲಮಾಳಿಗೆಯ ನೀರಿನ ತೊಟ್ಟಿ ಇರುತ್ತದೆ. ಮಾವಣಿಯ ಮೇಲೆ ಬಿದ್ದ ಮಳೆಯ ನೀರು ಕೊಳವೆಯ ಮೂಲಕ ಇದಕ್ಕೆ ಇಳಿಯುವುದು. ಮಳೆಗಾಲಕ್ಕೆ ಮುಂಚೆ ಮಾಡನ್ನು ತೊಳೆದು, ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟು, ಅನಂತರದ ನೀರನ್ನು ಮಾತ್ರ ತುಂಬಿಕೊಳ್ಳುತ್ತಿದ್ದರು. ಗೋಡೆಗೆ ಸುಣ್ಣದ ಗಾರೆ, ಬಾಯಿಗೆ ಮುಚ್ಚಳ. ಬೆಳಕು ಸೋಂಕದ ನೀರಿನಲ್ಲಿ ಪಾಚಿ ಬೆಳೆಯುವುದಿಲ್ಲವಾದುದರಿಂದ ವರ್ಷವಿಡೀ ಕುಡಿಯುವುದಕ್ಕೆ ಅದು ಒದಗುತ್ತಿತ್ತು. ಬಾವಿಯ ನೀರು ಉಪ್ಪಾಗಿದ್ದ ಊರಿನಲ್ಲಿ ಇದರ ಬೆಲೆಯನ್ನು ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಳಾಯಿ ಬಂದ ಮೇಲೆ ಟಾಂಕಾಗಳು ಕ್ರಮೇಣ ಮೂಲೆಗೆ ಬಿದ್ದವು. ಕೆಲವನ್ನು ಮಣ್ಣು ಹಾಕಿ ಮುಚ್ಚಿದ್ದಾರೆ. ಇತ್ತೀಚೆಗೆ ಕೆಲವನ್ನು ಶುದ್ಧಮಾಡಿ ಮತ್ತೆ ಬಳಕೆಗೆ ತಂದಿರುವುದೂ ಉಂಟು. ಪಕ್ಷಿಗಳನ್ನೂ ಇಲ್ಲಿ ಮರೆತಿಲ್ಲ. ಪೋಳದ ಬಯಲಿನಲ್ಲಿ ಚಬೂತರೋ ಎಂಬ, ಕಂಬದ ಮೇಲೆ ಕೆತ್ತನೆಯ ಸೂರನ್ನಿಟ್ಟ ಕಾಳಿನ ಗೂಡಿದೆ. ಪಾರಿವಾಳಗಳಿಗೂ ಗಿಳಿಗಳಿಗೂ ಅಲ್ಲಿ ನಿತ್ಯವೂ ಧಾನ್ಯ ಚೆಲ್ಲುತ್ತಾರೆ.

ಮನೆಯ ಭಾರವನ್ನು ಹೊರುವುದು ತೇಗದ ಕಂಬ, ಬೋದಿಗೆ, ತೊಲೆಗಳ ಚೌಕಟ್ಟು. ಇಟ್ಟಿಗೆಯ ಗೋಡೆಯ ನಡುನಡುವೆಯೂ ಅಡ್ಡಲಾಗಿ ಮರದ ದಿಮ್ಮಿಗಳನ್ನು ಹುದುಗಿಸಿ ಬಿಗಿದಿರುತ್ತಾರೆ. ಈ ಕ್ರಮದ ಗುಣ ಪ್ರಕಟವಾದುದು ೨೦೦೧ರ ಜನವರಿ ೨೬ರಂದು. ಕಚ್ಛದಲ್ಲಿ ಹುಟ್ಟಿದ ಆ ಭೂಕಂಪ ಇನ್ನೂರು ಕಿಲೊಮೀಟರಿಗೂ ದೂರದ ಅಹಮದಾಬಾದಿನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಉರುಳಿದವುಗಳಲ್ಲಿ ಮುಖ್ಯವಾದುವು ಹೊಸ ಬಡಾವಣೆಗಳಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಬಹುಮಹಡಿಗಳು. ಹಳೆಯ ಊರಿನ ಮರದ ಮನೆಗಳು ಬಿರುಕು ಬಿಟ್ಟವು, ಕೆಲವು ವಾಲಿದವು. ಆದರೆ ಬಹುಪಾಲು ನಿಂತವು. ಇಷ್ಟರಿಂದಲೇ ಹಳೆಯದೆಲ್ಲ ಭದ್ರ, ಹೊಸದೆಲ್ಲ ಟೊಳ್ಳು ಎಂದು ತೀರ್ಮಾನಿಸುವುದು ಅವಸರವಾದೀತು. ಬಿದ್ದ ಬಹುಮಹಡಿಗಳಲ್ಲಿ ಅನೇಕವು ಕೆಟ್ಟದಾಗಿ ಕಟ್ಟಿದುವಾಗಿದ್ದವು. ಮರ ಬಾಗಬಲ್ಲುದು, ಕೀಲುಗಳು ಸ್ವಲ್ಪ ಸಡಿಲಗೊಂಡು ಕಂಪನವನ್ನು ನುಂಗಿಕೊಳ್ಳಬಲ್ಲವು; ಆದರೆ ಗೆದ್ದಲು ತಿಂದ ಮರಕ್ಕೆ ಈ ಗುಣ ಉಳಿದಿರುವುದಿಲ್ಲ.

ಈ ಮರದ ಕೆತ್ತನೆಯೇ ಮನೆಗಳಿಗೆ ಶತ್ರುವೂ ಆಯಿತು. ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕದ ಕಲಾವಿದನು ೧೮೮೧ರಲ್ಲಿ ಇಲ್ಲಿಗೆ ಬಂದು, ಈ ಊರಿನ ಮಗನ್‌ಭಾಯಿ ಹಠೀಸಿಂಗರೊಡನೆ ಸೇರಿ ಮರಗೆತ್ತನೆಯ ಕಾರ್ಖಾನೆಯೊಂದನ್ನು ತೆರೆದನು. ಅಲ್ಲಿಯ ಕುಶಲಿಗಳ ಕೆಲಸ ಹಡಗೇರಿ ನ್ಯೂಯಾರ್ಕಿನ ಶ್ರೀಮಂತರ ಮನೆಗಳನ್ನು ಸೇರಿತು. ಆತನ ಸ್ವಂತ ಮನೆಯ ಮುಂಭಾಗದ ತೇಗದ ಮುಮ್ಮಾಡ ಇಂದಿಗೂ ಆ ನಗರದ ಹತ್ತನೆಯ ಬೀದಿಯಲ್ಲಿದೆ. ಆಗ ಹೋದುದು ಹೊಸದಾಗಿ ಕೆತ್ತಿದ ಮರ. ಅದರಿಂದ ಕುಶಲಿಗಳಿಗೆ ಜೀವನವಾಯಿತು. ಆಮೇಲೆ ಬಂದ ಹಳೆಯ ಸಾಮಾನಿನ ವ್ಯಾಪಾರದಲ್ಲಿ ಹೋಗುತ್ತಿರುವುದು ಮನೆಯ ಮೈಯಿಂದಲೇ ಕಿತ್ತ ಕಂಬ, ಬೋದಿಗೆ, ಬಾಗಿಲುವಾಡಗಳು. ದುರಸ್ತಿಗೆ ಹಣವಿಲ್ಲದ ಒಡೆಯನಿಗೆ ನಿಂತ ಮನೆಗಿಂತ ಬಿಚ್ಚಿದ ಮನೆಯಿಂದ ಹೆಚ್ಚು ಹಣ ಬರುವುದಾದರೆ ಅವನು ಏನು ಮಾಡುವನೆಂದು ಹೇಳಬೇಕಾಗಿಲ್ಲ.

ಪೋಳಗಳ ಅವನತಿಗೆ ಕಾರಣಗಳು ಅನೇಕ. ಮೊದಲ ಹತ್ತಿಯ ಗಿರಣಿ ೧೮೬೧ರಲ್ಲಿ ಪ್ರಾರಂಭವಾಯಿತು. ೧೮೯೨ರಲ್ಲಿ ಎಲ್ಲಿಸ್ ಸೇತುವೆ ಮುಗಿಯಿತು. ಗಿರಣಿಯಿಂದ ಹಣ ಬಂತು, ಸೇತುವೆಯಿಂದ ಹಾದಿಯಾಯಿತು; ಸಿರಿವಂತರು ನದಿಯ ಪಶ್ಚಿಮಕ್ಕೆ ಹೋಗಿ ತೋಟದ ಬಂಗಲೆಗಳನ್ನು ಕಟ್ಟಿಕೊಂಡರು. ಅವರ ಹಿಂದೆ ಮಧ್ಯಮವರ್ಗದವರೂ ಹೋದರು. ಉಳಿದ ಮನೆಗಳಲ್ಲಿ ಬಾಡಿಗೆದಾರರು ಸೇರಿದರು. ೧೯೪೭ರ ಬೊಂಬಾಯಿ ಬಾಡಿಗೆ ಕಾಯಿದೆ ಬಡವನಿಗೆ ನೆಲೆ ಉಳಿಸಿಕೊಟ್ಟಿತೆಂಬುದು ನಿಜ. ಆದರೆ ಅದೇ ಕಾಯಿದೆಯಿಂದ ಬಾಡಿಗೆ ಹಳೆಯ ಮಟ್ಟದಲ್ಲಿಯೇ ಹೆಪ್ಪುಗಟ್ಟಿ, ಮಾಡಿನ ಒಂದು ಹೆಂಚನ್ನು ಬದಲಿಸಲೂ ಒಡೆಯನಿಗೆ ಮನಸ್ಸಿಲ್ಲದಂತಾಯಿತು. ಪಿತ್ರಾರ್ಜಿತ ಆಸ್ತಿ ತಲೆಮಾರಿನಿಂದ ತಲೆಮಾರಿಗೆ ಒಡೆಯುತ್ತ ಒಂದು ಮನೆಗೆ ಹತ್ತು ಹದಿನೈದು ಮಂದಿ ಹಕ್ಕುದಾರರಾದರು. ಅವರೆಲ್ಲರ ಸಹಿ ಒಂದೇ ಕಾಗದದ ಮೇಲೆ ಬೀಳುವುದು ದುಸ್ತರ. ೧೯೬೯, ೧೯೮೫ ಮತ್ತು ೨೦೦೨ರ ಕೋಮುಗಲಭೆಗಳ ಪೆಟ್ಟು ಇವೆಲ್ಲಕ್ಕಿಂತ ಕ್ರೂರವಾದುದು. ಒಂದೊಂದು ಗಲಭೆಯ ತರುವಾಯವೂ ಎಷ್ಟೋ ಕುಟುಂಬಗಳು ತಮ್ಮ ತಮ್ಮ ಮತದವರು ಹೆಚ್ಚಾಗಿರುವ ಕಡೆಗೆ ವಲಸೆಹೋದವು. ಪೋಳದ ಬಾಗಿಲು ಅನ್ಯರ ಭಯಕ್ಕೆ ಇಟ್ಟದ್ದಾದರೂ ಬಾಗಿಲಾಚೆಯ ಮಾಣೆಕ್ ಚೌಕದಲ್ಲಿ ಎಲ್ಲರೂ ಕೂಡುತ್ತಿದ್ದರು. ಹೊಸ ಬಡಾವಣೆಗಳಲ್ಲಿ ಆ ಚೌಕವೂ ಇಲ್ಲ. ಖಾಲಿಯಾದ ಮನೆಗಳನ್ನು ವ್ಯಾಪಾರಿಗಳು ಕೊಂಡು ಉಗ್ರಾಣಗಳನ್ನಾಗಿಯೂ ಕಾರ್ಯಾಗಾರಗಳನ್ನಾಗಿಯೂ ಮಾಡಿಕೊಂಡರು. ಉಗ್ರಾಣಕ್ಕೆ ಚೌಕ ಬೇಡ, ಜಗಲಿ ಬೇಡ. ಆದ್ದರಿಂದ ಕ್ರಮೇಣ ಮನೆಯೂ ಬೇಡವಾಗಿ ಕಾಂಕ್ರೀಟಿನ ಕಟ್ಟಡವೇಳುತ್ತದೆ.

ವಸತಿಯೊಂದನ್ನು ಇಡಿಯಾಗಿ ರಕ್ಷಿಸಬೇಕೆಂಬ ಕಲ್ಪನೆ ಕಾಯಿದೆಗಳಲ್ಲಿ ತಡವಾಗಿ ಮೂಡಿದುದು. ಅಮೆರಿಕದ ಚಾರ್ಲ್ಸ್‌ಟನ್ ನಗರ ೧೯೩೧ರಲ್ಲಿ, ಫ್ರಾನ್ಸ್ ೧೯೬೨ರಲ್ಲಿ, ಇಂಗ್ಲೆಂಡ್ ೧೯೬೭ರಲ್ಲಿ ಅಂಥ ವಿಧಿಗಳನ್ನು ಮಾಡಿದವು. ನಮ್ಮ ದೇಶದ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ದೃಷ್ಟಿ ಸ್ಮಾರಕದ ಮೇಲೆಯೇ. ೨೦೧೦ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದಿಂದ ೧೦೦ ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ ೨೦೦ ಮೀಟರಿನಲ್ಲಿ ಅನುಮತಿ ಬೇಕು. ಈ ಮೇರೆಗಳೊಳಗೆ ಮನೆಯ ದುರಸ್ತಿಗೂ ಅಪ್ಪಣೆ ಪಡೆಯಬೇಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮ ಒಪ್ಪುತ್ತದೆ. ಆದರೆ ಈ ಹಳೆಯ ನಗರದಲ್ಲಿ ಕೇಂದ್ರಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು ೨೮. ಒಂದು ಬಿಂದುವಿನಿಂದ ಎಳೆದರೂ ೩೦೦ ಮೀಟರಿನ ವೃತ್ತ ಸುಮಾರು ೨೮ ಹೆಕ್ಟೇರುಗಳನ್ನು ಆವರಿಸುತ್ತದೆ. ಇಡೀ ಹಳೆಯ ನಗರದ ವಿಸ್ತೀರ್ಣವೋ ಸುಮಾರು ೫೩೫ ಹೆಕ್ಟೇರು. ವೃತ್ತಗಳು ಒಂದರ ಮೇಲೊಂದು ಬೀಳುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಊರಿನ ದೊಡ್ಡ ಭಾಗ ಈ ನಿಯಮಕ್ಕೆ ಒಳಪಡುವುದು ಸ್ಪಷ್ಟ. ಸೋರುವ ಮಾಡನ್ನು ಮಳೆಗೆ ಮುಂಚೆ ಸರಿಪಡಿಸಬೇಕಾದವನು ಅರ್ಜಿ ಹಿಡಿದು ಕಾಯಬೇಕಾದರೆ, ಹಳೆಯ ಮಸೀದಿಯ ಗೌರವಕ್ಕೆಂದು ಮಾಡಿದ ವಿಧಿಯೇ ಹಳೆಯ ಮನೆಯ ನಾಶಕ್ಕೆ ಸಹಾಯವಾಗುತ್ತದೆ.

ಮನೆಗಳ ವಿಚಾರದಲ್ಲಿ ಮೊದಲು ಕೈಹಾಕಿದುದು ಅಲ್ಲಿಯ ಮಹಾನಗರಪಾಲಿಕೆ. ೧೯೯೬ರಲ್ಲಿ ಅದು ಪರಂಪರೆಯ ಸಂರಕ್ಷಣೆಗೆಂದೇ ಒಂದು ವಿಭಾಗವನ್ನು ತೆರೆಯಿತು. ೧೯೯೭ರ ನವೆಂಬರ್ ೧೯ರಿಂದ ಪ್ರತಿದಿನ ಬೆಳಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಪೋಳಗಳ ಮೂಲಕ ಜನರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವ ಕ್ರಮ ಆರಂಭವಾಯಿತು. ಇದು ಪ್ರವಾಸಿಗಳ ಮನರಂಜನೆಯೆಂದು ತೋರಬಹುದು. ಆದರೆ ತಮ್ಮ ಓಣಿಯನ್ನು ನೋಡಲು ದೂರದಿಂದ ಜನ ಬರುತ್ತಾರೆಂಬುದು ಅಲ್ಲಿನವರಿಗೆ ತಿಳಿದುದು ಇದರಿಂದಲೇ. ಅಂಥ ತಿಳಿವಳಿಕೆ ಇಲ್ಲದೆ ಯಾವ ಕಾಯಿದೆಯೂ ನಡೆಯದು. ದಾರಿಯಲ್ಲಿರುವ ಲಾಂಬೇಶ್ವರದ ಪೋಳದಲ್ಲಿ ಗುಜರಾತಿಯ ಕವಿ ದಲಪತರಾಮರ (೧೮೨೦–೧೮೯೮) ಮನೆಯಿತ್ತು. ಆ ಮನೆ ಉಳಿಯಲಿಲ್ಲ. ಅದರ ಜಾಗದಲ್ಲಿ ಮುಂಭಾಗದ ಆಕಾರವನ್ನಷ್ಟೇ ಮತ್ತೆ ನಿಲ್ಲಿಸಿ, ಅದರ ಮುಂದೆ ಕವಿಯ ಕುಳಿತ ಪ್ರತಿಮೆಯನ್ನಿಟ್ಟಿದ್ದಾರೆ. ಮಕ್ಕಳು ಆ ಪ್ರತಿಮೆಯ ಸುತ್ತ ಆಡುತ್ತಾರೆ. ಆ ಮಟ್ಟಿಗೆ ಅದು ಬಹುಶಃ ಸಾರ್ಥಕವೇ. ಮನೆಯೊಂದು ಹೋದ ಮೇಲೆ ಎಷ್ಟನ್ನು ಮರಳಿ ಪಡೆಯಬಹುದು ಎಂಬುದಕ್ಕೂ ಅದು ಅಳತೆಗೋಲು.

೨೦೧೭ರ ಜುಲೈ ತಿಂಗಳಲ್ಲಿ ಪೋಲೆಂಡಿನ ಕ್ರಾಕೋ ನಗರದಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಅಹಮದಾಬಾದಿನ ಐತಿಹಾಸಿಕ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಗರವಾಗಿಯೇ ಆ ಪಟ್ಟಿಗೆ ಸೇರಿದುವುಗಳಲ್ಲಿ ಭಾರತದಲ್ಲಿ ಇದೇ ಮೊದಲನೆಯದು. ಜಯಪುರ ಸೇರಿದುದು ೨೦೧೯ರಲ್ಲಿ. ಪತ್ರಿಕೆಗಳಲ್ಲಿ ಸಂಭ್ರಮದ ವರದಿಗಳು ಬಂದವು. ಆದರೆ ಅದೇ ನಿರ್ಣಯದಲ್ಲಿ ಸಮಿತಿಯು ನಗರದ ಚಾರಿತ್ರಿಕ ಕಟ್ಟಡಗಳ, ಅದರಲ್ಲಿಯೂ ಖಾಸಗಿಯವರ ಮರದ ಮನೆಗಳ, ಸಮಗ್ರವಾದ ದಾಖಲೆಯನ್ನು ಸಿದ್ಧಪಡಿಸಬೇಕೆಂದು ಕೇಳಿತ್ತು. ರಕ್ಷಿಸಬೇಕಾದುದು ಏನೇನಿದೆ ಎಂಬುದು ಪೂರ್ಣವಾಗಿ ಬರೆದಿಡುವುದಕ್ಕೆ ಮುಂಚೆಯೇ ಅದಕ್ಕೆ ಗೌರವ ಸಂದಿತೆಂದು ಇದರ ತಾತ್ಪರ್ಯ. ಪಟ್ಟಿಯಲ್ಲಿ ಗುರುತಿಸಿದ ಕಟ್ಟಡಗಳು ೨,೬೦೦ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಮನೆಗಳೇ.

ಈ ಮನೆಗಳ ಒಡೆಯರಿಗೆ ಹಣದ ಆಸರೆ ಒದಗಿಸಲು ಮಾಡಿರುವ ಮುಖ್ಯ ಉಪಾಯ ಅಭಿವೃದ್ಧಿ ಹಕ್ಕಿನ ವರ್ಗಾವಣೆ. ಇದನ್ನು ಸ್ವಲ್ಪ ವಿವರಿಸಬೇಕು. ಒಂದು ನಿವೇಶನದ ಮೇಲೆ ಎಷ್ಟು ಚದರ ಮೀಟರು ಕಟ್ಟಬಹುದೆಂಬುದನ್ನು ನಗರದ ನಿಯಮ ನಿಗದಿ ಮಾಡಿರುತ್ತದೆ. ಹಳೆಯ ಮನೆ ಅದಕ್ಕಿಂತ ಕಡಿಮೆ ಜಾಗವನ್ನು ಬಳಸಿಕೊಂಡಿದ್ದರೆ ಉಳಿದ ಪ್ರಮಾಣವನ್ನು ಒಡೆಯನು ತಾನು ಕಟ್ಟದೆ, ನಗರದ ಬೇರೆಡೆಯಲ್ಲಿ ಎತ್ತರವಾದ ಕಟ್ಟಡ ಕಟ್ಟುವವನಿಗೆ ಮಾರಬಹುದು. ಬಂದ ಹಣದಿಂದ ತನ್ನ ಮನೆಯನ್ನು ದುರಸ್ತು ಮಾಡಿಸಬೇಕು. ಕೆಡವಿದರೆ ಮಾತ್ರ ಲಾಭವೆಂಬ ಸ್ಥಿತಿಯನ್ನು ಉಳಿಸಿದರೂ ಲಾಭವೆಂಬ ಸ್ಥಿತಿಗೆ ತಿರುಗಿಸುವ ಈ ಯೋಚನೆ ಜಾಣತನದ್ದು. ಆದರೆ ಅದರ ಫಲ ಹೆಚ್ಚಾಗಿ ದೊಡ್ಡ ಹವೇಲಿಗಳ ಒಡೆಯರಿಗೆ. ಚಿಕ್ಕ ನಿವೇಶನದ ಮೇಲೆ ಮೂರು ಮಹಡಿ ಎತ್ತಿರುವ ಮನೆಗೆ ಮಾರಲು ಉಳಿಯುವುದು ಅತ್ಯಲ್ಪ. ಹಕ್ಕುಪತ್ರ ಹತ್ತು ಮಂದಿಯ ಹೆಸರಿನಲ್ಲಿದ್ದರೆ ಅದೂ ಇಲ್ಲ. ಬಾಡಿಗೆದಾರನಿಗಂತೂ ಏನೂ ಇಲ್ಲ.

ಇನ್ನೊಂದು ದಾರಿ, ಹಳೆಯ ಹವೇಲಿಗಳನ್ನು ಅತಿಥಿಗೃಹಗಳನ್ನಾಗಿ ಮಾಡುವುದು. ಖಾಡಿಯಾ ಭಾಗದಲ್ಲಿ ಇಂಥವು ಕೆಲವು ಅಚ್ಚುಕಟ್ಟಾಗಿ ನಡೆಯುತ್ತಿವೆ. ಸಂಕ್ರಾಂತಿಯ ಕಾಲದ ಉತ್ತರಾಯಣದ ಗಾಳಿಪಟದ ಹಬ್ಬಕ್ಕೆ ಪೋಳದ ಮಾಳಿಗೆಗಳನ್ನು ದಿನಬಾಡಿಗೆಗೆ ಕೊಡುವ ರೂಢಿಯೂ ಬಂದಿದೆ. ಪಶ್ಚಿಮದ ಬಡಾವಣೆಗೆ ಹೋದವರೇ ಅಂದು ಹಣ ಕೊಟ್ಟು ತಮ್ಮ ಅಜ್ಜಂದಿರ ಮಾಳಿಗೆಗೆ ಹತ್ತುತ್ತಾರೆ. ಇದರಿಂದ ಮನೆಗೆ ವರಮಾನವಾಗುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಪ್ಯಾರಿಸಿನ ಮಾರೇ ಎಂಬ ಹಳೆಯ ಭಾಗವನ್ನು ೧೯೬೦ರ ದಶಕದಲ್ಲಿ ರಕ್ಷಣೆಗೆ ಒಳಪಡಿಸಿದ ಮೇಲೆ ಅದರ ಕಟ್ಟಡಗಳು ಉಳಿದವು, ಬೆಲೆಗಳು ಏರಿದವು, ಅಲ್ಲಿದ್ದ ಕುಶಲಕರ್ಮಿಗಳೂ ಬಡವರೂ ಬಹುಮಟ್ಟಿಗೆ ಹೊರಬಿದ್ದರು. ಪೋಳದಲ್ಲಿ ಮನೆ ನಿಂತು ಮನೆಯವರು ಹೋದರೆ ಉಳಿಯುವುದು ಕೆತ್ತನೆಯ ಮರ ಮಾತ್ರ.

ನಮಗೆ ತೋರುವ ಮುಖ್ಯ ದೋಷ ಇದು: ಪಟ್ಟಿ ಮಾಡುವಾಗಲೂ, ಸಹಾಯಧನ ಕೊಡುವಾಗಲೂ, ಅನುಮತಿ ಕೊಡುವಾಗಲೂ ಎಣಿಕೆಯ ಘಟಕ ಒಂದು ಕಟ್ಟಡ. ಆದರೆ ಗೋಡೆಗಳು ಸಾಮಾನ್ಯ, ನೆರಳು ಸಾಮಾನ್ಯ, ಬಾಗಿಲು ಸಾಮಾನ್ಯ. ಕೆತ್ತನೆಯಿಲ್ಲದ ಬಡವನ ಮನೆ ಪಟ್ಟಿಗೆ ಸೇರದಿದ್ದರೂ ಪಟ್ಟಿಗೆ ಸೇರಿದ ಪಕ್ಕದ ಹವೇಲಿ ಅದರ ಹೆಗಲಿಗೆ ಆತುಕೊಂಡೇ ನಿಂತಿದೆ. ಎಣಿಕೆಯ ಘಟಕ ಪೋಳವೇ ಆಗಬೇಕು. ದುರಸ್ತಿನ ಅಪ್ಪಣೆಯನ್ನು ಪೋಳಕ್ಕೆ ಒಟ್ಟಾಗಿ, ಮಳೆಗಾಲಕ್ಕೆ ಮುಂಚೆ, ಒಂದೇ ಪರಿಶೀಲನೆಯಲ್ಲಿ ಕೊಡಬಹುದು. ಹಳೆಯ ಪಂಚರ ಜಾಗದಲ್ಲಿ ಒಡೆಯರೂ ಬಾಡಿಗೆದಾರರೂ, ಜಾತಿಯ ಭೇದವಿಲ್ಲದೆ, ಕೂಡಿದ ಒಂದು ಸಂಘವಿದ್ದರೆ ವರ್ಗಾವಣೆಯ ಹಕ್ಕಿನ ಹಣದ ಒಂದಂಶವನ್ನು ಅದಕ್ಕೆ ಸಲ್ಲಿಸುವುದು ಅಸಾಧ್ಯವಲ್ಲ. ಮನೆ ಮಾರಿದಾಗ ಪೋಳಕ್ಕೆ ಕಾಣಿಕೆ ಸಲ್ಲುತ್ತಿದ್ದ ಊರಿಗೆ ಇದು ಹೊಸ ಮಾತೇನೂ ಅಲ್ಲ.

ಅದುವರೆಗೆ ಆಗಬೇಕಾದ ಕೆಲಸ ದಾಖಲೆಯದು. ಹಾಗೂ ಇದು ವಿಶ್ವವಿದ್ಯಾಲಯಗಳ ವ್ಯಾಪ್ತಿಗೆ ಸೇರಿದುದು. ಮುಂಭಾಗದ ಛಾಯಾಚಿತ್ರವೊಂದನ್ನು ತೆಗೆದು ಕಡತಕ್ಕೆ ಸೇರಿಸಿದರೆ ಸಾಲದು. ನೆಲದ ನಕ್ಷೆ, ಅಡ್ಡಕೊಯ್ತದ ನಕ್ಷೆ, ಯಾವ ಗೋಡೆ ಯಾರೊಡನೆ ಸಾಮಾನ್ಯ, ಟಾಂಕಾ ಇದೆಯೇ, ಅದರಲ್ಲಿ ನೀರಿದೆಯೇ, ಯಾವ ತೊಲೆಗೆ ಗೆದ್ದಲು ಹತ್ತಿದೆ, ಯಾವ ಕೋಣೆಯಲ್ಲಿ ಯಾರಿದ್ದಾರೆ, ಎಷ್ಟು ವರ್ಷಗಳಿಂದ ಬಾಡಿಗೆಗಿದ್ದಾರೆ, ಬೀಗ ಹಾಕಿದ ಕೋಣೆ ಯಾವ ದಾಯಾದಿಯದು—ಇಷ್ಟೂ ಬೇಕು. ಒಂದು ಮನೆಗೆ ಇಬ್ಬರು ವಿದ್ಯಾರ್ಥಿಗಳಿಗೆ ಹಲವು ದಿನಗಳ ಕೆಲಸ. ಮಧ್ಯಾಹ್ನದಲ್ಲಿ ಹೋದರೆ ಜಗಲಿಯ ಮೇಲೆ ಉತ್ತರ ಹೇಳಬಲ್ಲ ಅಜ್ಜಿಯೊಬ್ಬರು ಸಾಮಾನ್ಯವಾಗಿ ಇರುತ್ತಾರೆ.